ಹೊಳೆ ದಂಡೆಯಲ್ಲಿ ಕೊಟ್ಟೂರಪ್ಪನ ಡ್ರಮ್ಮು

ಬಸ್ಸಿನ ಕಂಡಕ್ಟರು ಡ್ರಮ್ಮನ್ನು ಒಳಗೆ ಬಿಟ್ಟುಕೊಂಡಿದ್ದರೆ ಕೊಟ್ಟೂರಪ್ಪನ ಹಣೆಬರಹವೇ ಬೇರೆ ಆಗುತ್ತಿತ್ತು. "ಮನುಷ್ಯರಿಗೇ ಜಾಗ ಇಲ್ಲ, ಮೇಲಕ್ಕೆ ಹಾಕ್ರಿ" ಎಂದುಬಿಟ್ಟ. ಆಷಾಢದ ಜಡಿಮಳೆ. ಹರಿಹರದಲ್ಲಿ ಇಳಿಸಿಕೊಂಡು ತಟ್ಟಿದರೆ, ಡ್ರಮ್ಮಿನ ಚರ್ಮ ನೆನೆದ ಹಪ್ಪಳದಂತೆ 'ಬೊದ್' ಎಂದಿತು.

ಕೊಟ್ಟೂರಪ್ಪ ದಾವಣಗೆರೆಯ ಹತ್ತಿ ಗಿರಣಿಯ ಆಳು. ಮದುವೆಗಳಲ್ಲಿ ಬ್ಯಾಂಡಿನ ಡ್ರಮ್ಮಿನವನು. ಕೋಲು ಹಿಡಿಯಲು ಕಲಿಸಿದವರು ಬ್ಯಾಂಡ್ ಮಾಸ್ತರು ಹಯಾತ್ ಸಾಬ್. ಲಯ ಬಂದದ್ದು ಅವ್ವ ತಟ್ಟುವ ರೊಟ್ಟಿಯಿಂದ, ಗಿರಣಿಯ ಯಂತ್ರದಿಂದ. ತಲೆ ಕೆಡಿಸಿದ್ದು ಮಾತ್ರ ಹೋಟೆಲಿನ ರೇಡಿಯೋದಲ್ಲಿ ಸಿಲೋನಿನಿಂದ ಬರುತ್ತಿದ್ದ ರಾಕ್ ಅಂಡ್ ರೋಲ್. ಅದನ್ನೊಮ್ಮೆ ಮೆರವಣಿಗೆಯಲ್ಲಿ ಬಾರಿಸಿದಾಗ ಕುದುರೆ ಬೆದರಿ, ಮದುಮಗನ ಸಮೇತ ಕುಕ್ಕುವಾಡದ ದಾರಿ ಹಿಡಿದಿತ್ತು. ಅಂದಿನಿಂದ ಅವನನ್ನು ಯಾರೂ ಕರೆಯಲಿಲ್ಲ.

ಈಗ ಬೊಂಬಾಯಿಯ ಆರ್ಕೆಸ್ಟ್ರಾ ಮಾಸ್ತರರೊಬ್ಬರು ಹರಿಹರದ ಲಾಡ್ಜಿನಲ್ಲಿ ಇಳಿದಿದ್ದರು. ನಾಳಿದ್ದು ಅವರ ತಂಡ ಹಡಗು ಹತ್ತಿ ಆಫ್ರಿಕಾಕ್ಕೆ ಹೊರಡುವುದಿತ್ತು. ಡ್ರಮ್ಮಿನವನ ಜಾಗ ಒಂದೇ ಖಾಲಿ. ಹನ್ನೊಂದಕ್ಕೆ ಪರೀಕ್ಷೆ. "ಇದೂ ತಪ್ಪಿದ್ರೆ ಡ್ರಮ್ಮಿನಾಗೆ ಜೋಳ ತುಂಬಿಡು ಬೇಟಾ" ಎಂದು ಹಯಾತ್ ಸಾಬ್ ಹೇಳಿ ಕಳಿಸಿದ್ದರು.

ಲಾಡ್ಜಿನ ಹಿಂದಿನ ಹೊಳೆ ಓಣಿಯಲ್ಲಿ ಅವನು ಅಳುಮೋರೆ ಹಾಕಿಕೊಂಡು ನಿಂತದ್ದನ್ನು ಅಲ್ಲಿನ ಮನೆಯೊಂದರ ಫಕ್ರುನ್ನೀಸಾ ಕಂಡಳು. "ಯಾಕಪ್ಪ ಹಂಗೆ ನಿಂತಿ? ಬಾ, ಒಲಿ ಉರೀತೈತೆ, ಚರ್ಮ ಕಾಸ್ಕೋ" ಎಂದು, ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನೇ ಕೆಳಗಿಳಿಸಿದಳು.

ಕಾದ ಚರ್ಮ 'ಠಣ್' ಎಂದಿತು. ಕೊಟ್ಟೂರಪ್ಪ ಜಗಲಿಗೆ ಬಂದು ಕಣ್ಣು ಮುಚ್ಚಿ ಬಾರಿಸಿದ. ರೊಟ್ಟಿ, ಗಿರಣಿ, ಸಿಲೋನು ಎಲ್ಲವೂ ಕೈಗೆ ಬಂದವು. ಜನ್ಮದಲ್ಲಿ ಹಾಗೆ ಬಾರಿಸಿರಲಿಲ್ಲ.

ಕಣ್ಣು ಬಿಟ್ಟರೆ ಓಣಿ ತುಂಬ ಜನ.

"ಏನಂತ ಸಾರಿದ್ರಿ?" ಎದುರುಮನೆಯ ಮಲ್ಲೇಶಪ್ಪ ಆಗಲೇ ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡಿದ್ದ.

"ಏನಿಲ್ರಿ, ಸುಮ್ನೆ ಬಾರಿಸ್ದೆ."

"ಮಳಿಗಾಲದಾಗ ಹೊಳಿ ದಂಡಿಗೆ ಬಂದು ಯಾರಾದ್ರೂ ಸುಮ್ನೆ ಡಂಗುರ ಹೊಡೀತಾರೇನು? ನಾವು ಹೆದರ್ತೀವಂತ ಮುಚ್ಚಿಡ್ತಾನ್ರೋ! ಹೊಳಿ ಬಂತು, ಏಳ್ರೋ!"

ಓಣಿಯೇ ಎದ್ದು ಓಡಿತು. "ಹಿಡ್ಕಳಪ್ಪ, ಅತ್ತೀನ್ನ ಕರ್ಕಂಬರ್ತೀನಿ" ಎಂದು ಫಕ್ರುನ್ನೀಸಾ ತನ್ನ ಕೋಳಿಯನ್ನು ಅವನ ಕಂಕುಳಿಗೆ ತುರುಕಿದಳು. ಒಲೆ ಕೊಟ್ಟವಳ ಕೋಳಿಯನ್ನು ಬಿಟ್ಟು ಹೋಗುವುದುಂಟೇ? ಬೆನ್ನಿಗೆ ಡ್ರಮ್ಮು, ಕಂಕುಳಲ್ಲಿ ಕೋಳಿ, ಗುಂಪು ಅವನನ್ನು ಸ್ಟೇಷನ್ನಿನ ದಿಬ್ಬದವರೆಗೂ ತಳ್ಳಿಕೊಂಡು ಹೋಯಿತು. ಅವಳನ್ನು ಹುಡುಕಿ, ಕೋಳಿ ಒಪ್ಪಿಸಿ ಲಾಡ್ಜು ಸೇರುವಾಗ ಹನ್ನೆರಡೂವರೆ.

ಮ್ಯಾನೇಜರ್ ವಾಮದೇವಪ್ಪ ಬಾಗಿಲಲ್ಲೇ ಇದ್ದರು. "ಮಾಸ್ತರು ಹೊಳಿ ಬಂತಂತ ಹೆದರಿ ಸಿಕ್ಕಿದ ಗಾಡಿ ಹತ್ತಿದ್ರು ಕಣ್ರಿ. ಆದ್ರೆ ಹೋಗೋಕೆ ಮುಂಚೆ ಕಿಟಕಿಗೆ ನಿಂತು ಆ ಡಂಗುರ ಕೇಳಿದ್ರು ನೋಡ್ರಿ, ಕಣ್ಣಾಗೆ ನೀರು! 'ಈ ಕೈ ಕೇಳಿದ ಮ್ಯಾಲೆ ಬ್ಯಾರೆಯವರದ್ದು ಕಿವಿಗೆ ಹತ್ತಲ್ಲ, ಹನ್ನೊಂದಕ್ಕೆ ಪರೀಕ್ಷೆಗೆ ಬರೋ ಕೊಟ್ಟೂರಪ್ಪಂಗೆ ಬ್ಯಾಡ ಅಂತ ಹೇಳ್ರಿ' ಅಂದ್ರು."

ಕೊಟ್ಟೂರಪ್ಪ ಬದುಕಿನಲ್ಲಿ ಮೊದಲ ಸಲ ಎದೆಯುಬ್ಬಿಸಿ ಕೂಗಿದ: "ಆ ಕೈ ನಂದೇರಿ! ಬಾರಿಸಿದೋನು ನಾನೇ!"

ಒಳಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಪೊಲೀಸಪ್ಪ ಲೋಟ ಕೆಳಗಿಟ್ಟ.

"ಸುಳ್ಳು ಡಂಗುರ ಹೊಡ್ದೋನು ನೀನೇ ಏನಪ್ಪ? ಬೆಳಿಗ್ಗಿಂದ ಹುಡುಕ್ತಾ ಇದೀವಿ" ಎಂದ. ಆಮೇಲೆ ಅವನ ಮುಖ ನೋಡಿ, ದನಿ ತಗ್ಗಿಸಿ, "ಕೂಡ್ರು, ಮೊದ್ಲು ಒಂದು ಚಹಾ ಕುಡಿ. ಠಾಣೆ ಎಲ್ಲೂ ಓಡಿಹೋಗಲ್ಲ."