ಗುಡ್ಡದಾಗ ಏನದರಿ ಮೇಡಂ?

ಕಲ್ಲು ನೋಡುವ ಕೆಲಸವಾದರೆ ಕಲ್ಲುಗಳ ಜೊತೆಗಷ್ಟೇ ಇರಬಹುದು, ಮನುಷ್ಯರ ರಗಳೆ ಇರುವುದಿಲ್ಲ ಅಂದುಕೊಂಡು ನಾನು ಭೂವಿಜ್ಞಾನ ಓದಿದೆ. ಕೆಲಸಕ್ಕೆ ಸೇರಿದ ವಾರದಿಂದ ಇವತ್ತಿನವರೆಗೆ ಒಂದು ಕಲ್ಲನ್ನೂ ನೆಮ್ಮದಿಯಾಗಿ ನೋಡಲು ಬೀದರ ಜಿಲ್ಲೆಯ ಜನ ನನ್ನನ್ನು ಬಿಟ್ಟಿಲ್ಲ. ದಿನಕ್ಕೊಂದು ರಗಳೆ ನಡೆಯುತ್ತಲೇ ಇರುತ್ತದೆ.

ಯಾರಾದರೂ ಒಂದು ಗುಡ್ಡದಲ್ಲಿ ಗಣಿ ಮಾಡುತ್ತೇವೆ ಅಂತ ಅರ್ಜಿ ಹಾಕಿದರೆ, ಅಲ್ಲಿ ತೆಗೆಯಲು ಯೋಗ್ಯವಾದ ಖನಿಜ ಇದೆಯೋ ಇಲ್ಲವೋ ಅಂತ ನೋಡಿ ಹೇಳುವವಳು ನಾನು. ಆಫೀಸು ಬೆಂಗಳೂರಿನಲ್ಲಿ, ಮನೆ ಬೀದರಿನಲ್ಲಿ, ಕೆಲಸ ಬಿಸಿಲಿನಲ್ಲಿ. "ಗುಡ್ಡದಾಗ ಏನದರಿ ಮೇಡಂ?" ಅಂತ ಕೇಳದವರು ನನಗಿನ್ನೂ ಸಿಕ್ಕಿಲ್ಲ. ಕೆಲವರು ಏನಾದರೂ ಇರಲಿ ಅಂತ ಕೇಳುತ್ತಾರೆ, ಕೆಲವರು ಏನೂ ಇಲ್ಲದಿರಲಿ ಅಂತ. ಔರಾದ್ ಕಡೆಯ ಒಂದು ಗುಡ್ಡದ ವಿಷಯದಲ್ಲಂತೂ ಒಬ್ಬ ಮುತ್ಯಾನ, ಅಂದರೆ ಅಜ್ಜನ, ಬದುಕೇ ನನ್ನ ಉತ್ತರದ ಮೇಲೆ ನಿಂತಿತ್ತು. ಅದನ್ನು ಹೇಳುವ ಮೊದಲು ಭಾಲ್ಕಿಯಲ್ಲಿ ನಡೆದದ್ದೊಂದನ್ನು ಹೇಳಿಬಿಡುತ್ತೇನೆ.

ಸುತ್ತಿಗೆ ಇಟ್ಟ ಜಾಗ

ಭಾಲ್ಕಿಯಿಂದ ಸಾಯಗಾಂವ ಕಡೆ ಹೋಗುವಾಗ ಒಬ್ಬ ರೈತ ನಮ್ಮ ಜೀಪಿಗೆ ಅಡ್ಡ ನಿಂತ. ಕಲ್ಲು ನೋಡುವ ಮೇಡಂ ಬಂದಿದ್ದಾರೆ ಅನ್ನುವ ಸುದ್ದಿ ಅವನಿಗೆ ಮುಟ್ಟಿತ್ತು.

"ಮೇಡಂರೀ, ಒಂದ್ ಬೋರಿನ ಪಾಯಿಂಟ್ ತೋರಸ್ರಿ" ಅಂದ.

"ಅಣ್ಣಾ, ನಾ ನೀರ್ ನೋಡಾಕಿ ಅಲ್ರಿ. ನಂದು ಬರೇ ಕಲ್ಲಿನ ಕೆಲಸ."

"ಕಲ್ಲಿನೊಳಗ ಏನದ ಅಂತ ತಿಳಿತದ, ಕಲ್ಲಿನ ಕೆಳಗ ನೀರದ ಇಲ್ಲ ಅಂತ ತಿಳಿಯಂಗಿಲ್ಲೇನ್ರಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೈಹಿಡಿಯುವುದೊಂದು ಬಾಕಿ, ಹೊಲಕ್ಕೆ ಕರೆದುಕೊಂಡೇ ಹೋದ. ಅಲ್ಲಿಯೂ ನಾನು 'ಇಲ್ಲ, ಗೊತ್ತಿಲ್ಲ, ನೀರು ನೋಡಲು ಬರುವುದಿಲ್ಲ' ಅಂತಲೇ ಹೇಳುತ್ತಿದ್ದೆ. ಅಷ್ಟರಲ್ಲಿ ಬೂಟಿನ ದಾರ ಬಿಚ್ಚಿತು. ಕೈಯಲ್ಲಿದ್ದ ಸುತ್ತಿಗೆ ನೆಲಕ್ಕಿಟ್ಟು ದಾರ ಕಟ್ಟಿಕೊಂಡೆ, ಎದ್ದೆ, ಜೀಪು ಹತ್ತಿ ಹೊರಟೆ.

ಕೆಲವು ದಿನಗಳ ಮೇಲೆ ಅದೇ ರೈತ ಪೇಡೆ ಡಬ್ಬಿ ಹಿಡಿದು ಬೀದರಿಗೆ ಬಂದ. ನಾನು ಸುತ್ತಿಗೆ ಇಟ್ಟ ಜಾಗದಲ್ಲೇ ಬೋರು ಹೊಡೆಸಿದ್ದನಂತೆ. ನೀರು ಧೋ ಅಂತ ಬಂದಿತ್ತು.

"ಮೇಡಂ, ಬಾಯಿಲೆ ಇಲ್ಲ ಅಂದ್ರಿ, ಸುತ್ತಿಗೀಲೆ ಹೇಳಿದ್ರಿ" ಅಂತ ಕಣ್ಣು ಮಿಟುಕಿಸಿದ.

ಅಲ್ಲಿಂದ ಮುಂದೆ ಭಾಲ್ಕಿ ತಾಲೂಕಿನಲ್ಲಿ ನಾನು ಏನನ್ನೂ ಕೆಳಗಿಡದ ಹಾಗಾಯಿತು. ಒಮ್ಮೆ ಮರೆತು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತೆ. ಉಂಡು, ಕೈ ತೊಳೆದು ತಿರುಗಿ ನೋಡಿದರೆ ನಾನು ಕುಳಿತಿದ್ದ ಜಾಗದ ಸುತ್ತ ಯಾರೋ ಸುಣ್ಣದ ಗೆರೆ ಎಳೆದಿದ್ದರು. ಗೆರೆ ಅಳತೆಗೆ ಸರಿಯಾಗಿಯೇ ಇತ್ತು. ನನಗೇ ಅದು ಸ್ವಲ್ಪ ದೊಡ್ಡದಾಯಿತು ಅನ್ನಿಸಿತು.

ನಾಲಿಗೆಗೆ ಅಂಟಿದ ಶೇಡಿ

ಇನ್ನು ಔರಾದ್ ಗುಡ್ಡ. ಅದರ ನೆತ್ತಿಯ ಕೆಂಪು ಕಲ್ಲಿನಲ್ಲಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ತೆಗೆಯುವ ಅದಿರು ಇದೆ ಅಂತ ಒಂದು ಕಂಪನಿ ಅರ್ಜಿ ಹಾಕಿತ್ತು. ಗುಡ್ಡದ ಬುಡದಲ್ಲಿ ಕುರಿ ಸಾಕುವ ಮುತ್ಯಾ, ಅವನ ಹೆಂಡತಿ ಆಯಿ, ಇಬ್ಬರ ಮನೆ. ಮಳೆಗಾಲದಲ್ಲಿ ಕೆಳಗಿನ ಕಪ್ಪು ಮಣ್ಣಿನ ಎರಿ ಹೊಲಗಳಲ್ಲೆಲ್ಲ ಸೋಯಾ, ಹೆಸರು, ತೊಗರಿ ನಿಂತಿರುತ್ತದೆ. ಕುರಿ ಅಲ್ಲಿ ಬಾಯಿ ಹಾಕಿದರೆ ಜಗಳ ಖಚಿತ. ಆಗ ಅವುಗಳಿಗೆ ಮೇಯಲು ಇರುವುದು ಈ ಗುಡ್ಡ ಒಂದೇ. ಗುಡ್ಡ ಗಣಿಗೆ ಹೋದರೆ ಕುರಿಗಳನ್ನು ಮಾರದೆ ಬೇರೆ ದಾರಿಯಿಲ್ಲ.

ಮೊದಲ ದಿನವೇ ಮುತ್ಯಾ ಬಂದು ಕೈಮುಗಿದ. "ನಿಮ್ಮ ಕೆಲಸ ನೀವ್ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿಮಗ ಏನೂ ಸಿಗಬಾರದ್ರಿ." ಇಂಥ ಹಾರೈಕೆ ನನಗೆ ಯಾರೂ ಮಾಡಿರಲಿಲ್ಲ.

"ಇದ್ರ ಅದ ಅಂತಲೇ ಬರೀಬೇಕಾಗ್ತದ ಮುತ್ಯಾ. ಬೆಂಗಳೂರಾಗ ಮಷೀನ್ ಅದ, ಮಣ್ಣು ಹಾಕಿದ್ರ ಎಲ್ಲ ಹೇಳ್ತದ" ಅಂದೆ. ಅವನು ಕುರಿಗಳ ಹಿಂದೆ ಇಳಿದುಹೋದ.

ಮರುದಿನ ಆಳುಗಳು ತೋಡಿದ್ದ ಗುಂಡಿಗಳ ಹತ್ತಿರ ಹೋದೆ. ಅಂಚಿನಲ್ಲಿ ಬಿಳಿ ಶೇಡಿ ಮಣ್ಣಿನ ಹೆಂಟೆಯೊಂದು ಬಿದ್ದಿತ್ತು. ಎತ್ತಿ ನಾಲಿಗೆಗೆ ತಾಗಿಸಿದೆ. ನಮ್ಮ ಕಸುಬಿನಲ್ಲಿ ಇದೊಂದು ಪದ್ಧತಿ. ಮಣ್ಣು ನಾಲಿಗೆಗೆ ಗಕ್ಕನೆ ಅಂಟಿದರೆ ಅದು ಜೇಡಿ ಜಾತಿಯದು ಅಂತ ಲೆಕ್ಕ. ತಲೆಯೆತ್ತಿದರೆ ಎದುರಿಗೆ ಆಯಿ.

"ಎಷ್ಟ್ ತಿಂಗಳಾತು ಮಗಳ?"

"ಅಯ್ಯೋ, ಇಲ್ಲ ಆಯಿ! ಮಣ್ಣು ನಾಲಿಗಿಗಿ ಅಂಟತದೋ ಇಲ್ಲೋ ನೋಡ್ಲಕತ್ತೀನಿ."

"ನಮ್ಮ ಸೊಸಿನೂ ಹಿಂಗೇ ಶೇಡಿ ನೆಕ್ಕತಿದ್ಲು. ಕೇಳಿದ್ರ ಏನೇನೋ ನೆಪ ಹೇಳತಿದ್ಲು."

ನನಗೆ ನಲವತ್ನಾಲ್ಕು, ಮಗ ಪಿಯುಸಿ ಓದುತ್ತಾನೆ ಅಂದೆ. "ದೇವ್ರು ಕೊಡೋ ಮುಂದ ವಯಸ್ಸು ಕೇಳ್ತಾನೇನು?" ಅಂದಳು. ಬಸುರಿ ಹೆಂಗಸು ಗುಂಡಿಗೆ ಇಳಿಯಬಾರದು ಅಂತ ನನ್ನ ತೋಳು ಹಿಡಿದು ಗಿಡದ ನೆರಳಿಗೆ ತಂದು ಕೂರಿಸಿದಳು. ಗಂಡನ ಗುಡ್ಡ ಕಿತ್ತುಕೊಳ್ಳಲು ಬಂದವಳ ಮೇಲೆ ಇಷ್ಟು ಅಕ್ಕರೆ ತೋರಿಸುವ ಮುದುಕಿಗೆ ಎದುರಾಡುವುದು ಬಿಟ್ಟು ನಾನು ಅಲ್ಲೇ ಕುಳಿತೆ. ಆಳುಗಳೇ ಗುಂಡಿಯ ತಳದ ಮಣ್ಣನ್ನು ಸ್ಯಾಂಪಲ್ ಚೀಲಗಳಿಗೆ ತುಂಬಿ ಕಟ್ಟಿದರು. ಆಯಿ ನನಗೆ ಒಂದು ಹುಣಸೆಕಾಯಿ ಕೊಟ್ಟಳು.

ಸುಳ್ಳೇಕೆ, ಹುಣಸೆಕಾಯಿ ಭಾಳ ಚೆನ್ನಾಗಿತ್ತು. ಇನ್ನೊಂದು ಕೇಳಿ ತಿಂದೆ. ಅಲ್ಲಿಗೆ ಆಯಿಗೆ ಉಳಿದಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು.

ಮಾಡಿ ಮುಗಿದ ಪ್ರಾರ್ಥನೆ

ಆಯಿ ಈ ಶುಭಸುದ್ದಿಯನ್ನು ಊರಿಗೆ ಬರುವ ನರ್ಸಮ್ಮನಿಗೆ ಹೇಳಿದಳು. ಆ ನರ್ಸಮ್ಮ ಬೀದರಿನಲ್ಲಿ ನಮ್ಮ ಚರ್ಚಿನವಳೇ. ನಮ್ಮ ಅವ್ವನೂ ನರ್ಸಾಗಿ ನಿವೃತ್ತಳಾದವಳು, ಇವಳಿಗೆ ಕೆಲಸ ಕಲಿಸಿದ್ದೂ ಅವಳೇ. ನಾನು ಜೀಪಿನಲ್ಲಿ ಬೀದರ್ ತಲುಪುವ ಮೊದಲು ಸುದ್ದಿ ಫೋನಿನಲ್ಲಿ ತಲುಪಿತ್ತು.

ಬಾಗಿಲಲ್ಲಿ ಅವ್ವ ಬಿ.ಪಿ. ಮಷೀನು ಹಿಡಿದು ನಿಂತಿದ್ದಳು.

"ಕೂಡು. ಕೈ ಚಾಚು."

"ಅವ್ವಾ, ಏನಾತು?"

"ನನಗೇನು ಕೇಳ್ತಿ? ಈ ವಯಸ್ಸಿನಾಗ ಗುಡ್ಡ ಹತ್ತಿ ಇಳಿಲಕತ್ತಿ, ಬುದ್ಧಿ ಅದನೋ ಇಲ್ಲೋ?"

ಪಟ್ಟಿ ಬಿಗಿದು, ಗಾಳಿ ಹೊಡೆದು, ಬಿ.ಪಿ. ನೋಡಿ ಮುಗಿಸುವವರೆಗೆ ನನಗೆ ಬಾಯಿ ತೆಗೆಯಲು ಬಿಡಲಿಲ್ಲ. ಆಮೇಲೆ ಶೇಡಿಯ ಕಥೆ ಹೇಳಿದೆ. ಅವ್ವ ಅಲ್ಲೇ ಕುರ್ಚಿಯಲ್ಲಿ ಕುಸಿದು "ದೇವರೇ ಸ್ತೋತ್ರ" ಅಂದಳು. ಒಳಗಿನ ಕೋಣೆಯಿಂದ ನನ್ನ ಮಗನೂ ಅದಕ್ಕಿಂತ ಜೋರಾಗಿ ಸ್ತೋತ್ರ ಅಂದ. ಭಾಲ್ಕಿಯಲ್ಲಿ ಮಾಸ್ತರನಾಗಿರುವ ನನ್ನ ಗಂಡ ಮಾತ್ರ ಫೋನು ಮಾಡಿ, ಶಾಲೆಯಲ್ಲಿ ಎಲ್ಲರಿಗೂ ಆಗಲೇ ಚಹಾ ಕುಡಿಸಿಬಿಟ್ಟೆನಲ್ಲ ಅಂತ ಗೋಳಾಡಿದ.

ಆದರೆ ಚರ್ಚಿನ ಹೆಂಗಸರ ಸಂಘ ಅಷ್ಟರಲ್ಲಿ ಸಭೆ ಕೂಡಿ, ನನಗೆ ಸುಖವಾಗಿ ಹೆರಿಗೆಯಾಗಲಿ ಅಂತ ಪ್ರಾರ್ಥನೆ ಮಾಡಿ ಮುಗಿಸಿತ್ತು. ಭಾನುವಾರ ನಾನು ಮುಖ ಮುಚ್ಚಿಕೊಂಡು ಕುಳಿತಿದ್ದೆ. ಸಂಘದ ಹಿರಿಯಳೊಬ್ಬಳು ಅವ್ವನ ಹತ್ತಿರ ಬಂದು, "ಹಂಗಾರ ಆ ಪ್ರಾರ್ಥನಿ ಏನ್ ಮಾಡೋದ್ರಿ ಅಕ್ಕಾ?" ಅಂತ ಕೇಳಿದಳು.

ಅವ್ವ ಯೋಚಿಸಲೂ ಇಲ್ಲ. "ಮಾಡಿದ್ದು ವಾಪಸ್ ತಗೊಳ್ಳಕ ಬರಂಗಿಲ್ಲ. ಸಭಾದಾಗ ಯಾರರ ಬಸುರಿ ಇದ್ರ ಅವರ ಹೆಸರಿಗಿ ವರ್ಗಾ ಮಾಡ್ರಿ."

ಬೆಂಗಳೂರಿನ ಫೋನು

ಔರಾದಿನ ಸ್ಯಾಂಪಲ್ಲುಗಳು ಬೆಂಗಳೂರಿನ ಲ್ಯಾಬಿಗೆ ಹೋಗಿದ್ದವು. ಒಂದು ಬೆಳಿಗ್ಗೆ ನಮ್ಮ ಸಾಹೇಬರ ಫೋನು ಬಂತು. ಅವರು ಸಾಮಾನ್ಯವಾಗಿ ಯಾವುದಕ್ಕೂ ದನಿ ಏರಿಸುವವರಲ್ಲ. ಅವತ್ತು ಅಕ್ಷರಶಃ ಕೂಗುತ್ತಿದ್ದರು.

"ಬಾಕ್ಸೈಟ್ ಬಿಡಿ ಮೇಡಂ, ಅದು ಅಷ್ಟಕ್ಕಷ್ಟೇ. ಫಾಸ್ಫೇಟ್ ಬಂದಿದೆ! ಗೊಬ್ಬರ ತಯಾರಿಸುವ ಖನಿಜ! ಆ ಕಲ್ಲಿನಲ್ಲಿ ಅದು ಇರಲೇಬಾರದು, ಆದರೂ ಇದೆ! ಗುಡ್ಡದ ಜೊತೆ ಕೆಳಗಿನ ಜಾಗವನ್ನೂ ಸೇರಿಸಿ ನೋಡೋಣ."

ಕೆಳಗಿನ ಜಾಗ ಅಂದರೆ ಮುತ್ಯಾನ ಮನೆ. ತಿಂಡಿ ಅರ್ಧಕ್ಕೇ ಬಿಟ್ಟು ಎದ್ದೆ. ದೊಡ್ಡ ಶೋಧ ಮಾಡಿದವರು ಹೆಮ್ಮೆ ಪಡಬೇಕು. ನಾನು ಔರಾದಿನವರೆಗೆ ಜೀಪಿನಲ್ಲಿ ಮುಖ ಸಪ್ಪೆ ಮಾಡಿಕೊಂಡೇ ಹೋದೆ.

ಮುತ್ಯಾ ಹಟ್ಟಿಯ ಮುಂದೆ ಕುಳಿತಿದ್ದ. ಮೆಲ್ಲಗೆ ಹೇಳಿದೆ. "ಮುತ್ಯಾ, ಗುಡ್ಡದಾಗ ಏನೋ ಸಿಕ್ಕದ. ಗೊಬ್ಬರ ಮಾಡೋ ಮಾಲು ಅಂತ."

ಅವನ ಮುಖ ಬಿಳಿಚಿತು. ಆಮೇಲೆ ಅಂದ: "ಮೇಡಂರೀ, ಅದು ನಮ್ದೇರಿ."

"ಏನು ನಿಮ್ದು?"

"ಗೊಬ್ಬರ."

ವಿಷಯ ಹೊರಗೆ ಬಂತು. ಆಳುಗಳು ಗುಂಡಿ ತೋಡಿ ಮನೆಗೆ ಹೋದ ಮೇಲೆ, ಮುತ್ಯಾ ಹಟ್ಟಿಯ ಕುರಿ ಹಿಕ್ಕಿಯನ್ನೆಲ್ಲ ಪುಡಿ ಮಾಡಿ, ಗುಡ್ಡದ ಕೆಂಪು ಮಣ್ಣಿನಲ್ಲಿ ಕಲಸಿ, ನೆಲ ಸಾರಿಸಿದ ಹಾಗೆ ಎಲ್ಲ ಗುಂಡಿಗಳ ತಳಕ್ಕೂ ಬಡಿದು ಕೂರಿಸಿದ್ದ. ಗುರುತೇ ಸಿಗದ ಹಾಗೆ. ನಾನು ಇಳಿದಿದ್ದರೆ ಮೂಗಿಗಾದರೂ ಗೊತ್ತಾಗುತ್ತಿತ್ತು. ನನ್ನನ್ನು ಆಯಿ ಹುಣಸೆಕಾಯಿ ಕೊಟ್ಟು ಕೂರಿಸಿದ್ದಳಲ್ಲ.

"ಯಾಕ ಮಾಡಿದಿ ಮುತ್ಯಾ?"

"ಬೆಂಗಳೂರಾಗ ಮಷೀನ್ ಅದ, ಮಣ್ಣು ಹಾಕಿದ್ರ ಎಲ್ಲ ಹೇಳ್ತದ ಅಂದ್ರಿ ನೀವು. ಇದು ಕುರಿ ಮೇಯೋ ಜಾಗ ಅಂತ ಅದೇ ಹೇಳ್ಲಿ ಅಂತ ಮಾಡ್ದೆ."

"ಹೇಳ್ತು ಮುತ್ಯಾ, ಕೂಗಿ ಹೇಳ್ತು! ಇನ್ನೊಂದು ಬುಟ್ಟಿ ಹಾಕಿದ್ರ ನಿನ್ನ ಊರೇ ಗಣಿ ಆಗತಿತ್ತು!" ಅಂತ ಬೈದೆ. ಬೈಯುತ್ತಲೇ ನನಗೆ ನಗು ಬಂತು. ನಗುತ್ತಲೇ, ಅಬ್ಬಾ ಬದುಕಿದೆ ಅನ್ನಿಸಿತು.

ಈ ಸಲ ನಾನೇ ಗುಂಡಿಗೆ ಇಳಿದೆ. ನಾನು ಬಸುರಿಯಲ್ಲ ಅಂತ ಅವ್ವ ಫೋನಿನಲ್ಲಿ ಆಯಿಗೆ ಭರವಸೆ ಕೊಟ್ಟ ಮೇಲೆಯೇ ಅಪ್ಪಣೆ ಸಿಕ್ಕಿದ್ದು. ಹಿಕ್ಕಿಯನ್ನೆಲ್ಲ ತೆಗೆಸಿ, ಗೋಡೆ ಕೆರೆದು, ಶುದ್ಧ ಕಲ್ಲು ಮಣ್ಣನ್ನು ನನ್ನ ಕೈಯಿಂದಲೇ ತುಂಬಿದೆ. ಆಮೇಲೆ ಸಾಹೇಬರಿಗೆ ಫೋನು ಮಾಡಿದೆ.

"ಸರ್, ಅದು ಫಾಸ್ಫೇಟ್ ಖನಿಜ ಅಲ್ಲ. ಕುರಿ ಹಿಕ್ಕಿ."

ಸಾಹೇಬರು ಆಸೆ ಬಿಡಲಾರದೆ ಕೇಳಿದರು: "ಪದರ ಎಷ್ಟು ದಪ್ಪ ಇದೆ?"

ಗುಡ್ಡದ ಮರ್ಯಾದೆ

ಎರಡನೇ ಸಲದ ಫಲಿತಾಂಶ ಬರುವವರೆಗೆ ಮುತ್ಯಾನಿಗಿಂತ ನನಗೇ ಹೆಚ್ಚು ಪರೇಶಾನಿ. ಹಿಕ್ಕಿ ಹೋಯಿತು ಸರಿ, ಅದು ಮುಚ್ಚಿಟ್ಟಿದ್ದ ಬಾಕ್ಸೈಟ್ ಏನಾದರೂ ನಿಜವಾಗಿ ಬಂದುಬಿಟ್ಟರೆ? ಬಂದರೆ ಬಂದಿದೆ ಅಂತ ಬರೆಯುವವಳೇ ನಾನು. ಮತ್ತೆ ಆಯಿಗೆ ಮುಖ ತೋರಿಸುವುದು ಹೇಗೆ?

ಬರಲಿಲ್ಲ. ಅದಿರು ಅಲ್ಲೊಂದು ಇಲ್ಲೊಂದು ಹಿಡಿಯಷ್ಟು ಬಿಟ್ಟರೆ ಗುಡ್ಡವೆಲ್ಲ ಬರೀ ಕೆಂಪು ಕಲ್ಲು. ಮುಂದೆ ಹುಡುಕುವುದೂ ದಂಡ ಅಂತ ನಾನು ಬರೆದೆ, ಸಾಹೇಬರು ಒಪ್ಪಿದರು, ಕಂಪನಿ ಅರ್ಜಿ ಹಿಂದೆ ತೆಗೆದುಕೊಂಡಿತು. ಅವತ್ತೇ ಔರಾದಿಗೆ ಓಡಿದೆ.

"ಮುತ್ಯಾ, ಗುಡ್ಡ ನಿಂದೇ. ಯಾರೂ ಬರಂಗಿಲ್ಲ ಇನ್ನ."

ಮುತ್ಯಾ ನಂಬಲಿಲ್ಲ. ಇನ್ನೊಮ್ಮೆ ಹೇಳಿಸಿದ. ಆಮೇಲೆ ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಆಯಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ಕುರಿಗಳು ಗುಡ್ಡ ಏರುತ್ತಿದ್ದವು. ಇಷ್ಟು ಹಗುರಾಗಿ ನಾನು ಯಾವ ಊರಿನಲ್ಲೂ ಉಂಡಿಲ್ಲ.

ಊಟ ಮುಗಿಯುವ ಹೊತ್ತಿಗೆ ಮುತ್ಯಾ ಯಾಕೋ ಗಂಭೀರನಾದ.

"ಹಂಗಾರ ಗುಡ್ಡದಾಗ ಏನೂ ಇಲ್ಲೇನ್ರಿ?"

"ಏನೂ ಇಲ್ಲ ಮುತ್ಯಾ, ಆರಾಮ ಇರು."

"ಅಂದ್ರ... ಏನಂದ್ರ ಏನೂ ಇಲ್ಲ?"

ರೊಟ್ಟಿ ಬಡಿಸುತ್ತಿದ್ದ ಆಯಿ ಕಿಸಕ್ಕನೆ ನಕ್ಕಳು. "ನಮ್ಮ ತವರಮನಿ ಮನ್ನಳ್ಳಿ ಕಡಿ. ಅಲ್ಲಿ ಗುಡ್ಡದಾಗ ಕಲ್ಲರ ಸಿಗತಾವ, ಮೇಡಂ. ಮನಿಗಿ ಮನಿ ಅದೇ ಕಲ್ಲಿನ್ಯಾಗ ಕಟ್ಟ್ಯಾರ. ಇವರ ಗುಡ್ಡದಾಗ ಏನೂ ಇಲ್ಲ ಅಂತ ಮದಿವಿ ಆದ ದಿನದಿಂದ ನಾ ಹೇಳ್ಕೋತ ಬಂದೀನಿ. ಈಗ ಸರಕಾರನೂ ಹೇಳ್ತು."

ಮುತ್ಯಾನ ಮುಖ ನೋಡುವ ಹಾಗಿರಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನನ್ನ ಕಡೆ ಜರುಗಿ, ಆಯಿಗೆ ಕೇಳಿಸುವಷ್ಟೇ ಮೆಲ್ಲಗೆ ಅಂದ: "ಮೇಡಂರೀ, ನಮ್ಮ ಮುತ್ಯಾನ ಮುತ್ಯಾ ಕುರಿ ಕಾಯ್ದ ಗುಡ್ಡ ಇದು. ಅಷ್ಟ್ ಖಾಲಿ ಅಂತ ಬರೀಬ್ಯಾಡ್ರಿ. ಜರಾ ಏನರ ಇರ್ಲಿ."

"ಮುತ್ಯಾ! ಏನೂ ಸಿಗಬಾರದು ಅಂತ ಕೈ ಮುಗಿದಾವ ನೀನೇ!"

"ಸಿಗಬಾರದು ಅಂದಿದ್ದೆ. ಇರಬಾರದು ಅಂತ ಯಾವಾಗ ಅಂದೆ?"

ನಾನು ಸೋತೆ. ಬರೆದದ್ದನ್ನೇ ಅವನಿಗೆ ತಿಳಿಯುವ ಹಾಗೆ ಹೇಳಿದೆ. "ಅಲ್ಲಲ್ಲಿ ಹಿಡಿ ಹಿಡಿ ಅದ ಮುತ್ಯಾ. ಆದ್ರ ತಗೀಲಿಕ್ಕ ಹೋದ್ರ ಹೋದಾವನೇ ಮುಳುಗ್ತಾನ. ಹಂಗಂತ ಬರದೀನಿ."

ಮುತ್ಯಾ ನೆಟ್ಟಗೆ ಕುಳಿತ. ಮೀಸೆಯ ಮೇಲೆ ಕೈಯಾಡಿಸಿ, ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ ಆಯಿಯ ಕಡೆ ತಿರುಗಿದ.

"ಕೇಳಿದೇನ? ನಿಮ್ಮ ಗುಡ್ಡದಾಗಿಂದು ಕಂಡಕಂಡವರೆಲ್ಲ ಕಡಕೊಂಡು ಹೋಗ್ತಾರ. ನಮ್ಮದು ಅದ, ಒಬ್ಬರ ಕೈಗೂ ಸಿಗಂಗಿಲ್ಲ. ಈಗ ಹೇಳು, ಯಾವ ಮನಿತನ ದೊಡ್ಡದು?"