ಭಾವನಿಗೆ ಬಂದ ಮೌನದ ಪಾಲು

ಒಬ್ಬ ಮನುಷ್ಯನನ್ನು ಕೆಲಸಕ್ಕೆ ಹಚ್ಚುವುದು ಕಷ್ಟ ಎಂದು ಎಲ್ಲರೂ ಗೋಳಾಡುತ್ತಾರೆ. ನನ್ನನ್ನು ಕೇಳಿದರೆ, ಒಬ್ಬನನ್ನು ಕೆಲಸವಿಲ್ಲದೆ ಕೂರಿಸುವುದು ಅದಕ್ಕಿಂತ ಹತ್ತು ಪಾಲು ಕಷ್ಟ. ಅದರಲ್ಲೂ ಅವನು ಹೆಂಡತಿಯ ಅಣ್ಣನಾಗಿದ್ದು, ಅವನ ಕೈಯಲ್ಲಿ ಕೊಳಲಿದ್ದು, ಪಕ್ಕದಲ್ಲಿ ತಂಗಿಯ ಗಂಡ ಕೆನ್ನೆ ಉಬ್ಬಿಸಿ ಕ್ಲಾರಿನೆಟ್ ಊದುತ್ತಿದ್ದರೆ ಮುಗಿದೇ ಹೋಯಿತು. ನಮ್ಮದು ಸೇಲಂನಲ್ಲಿ ನೆಲೆಸಿದ ಕನ್ನಡದ ನೇಕಾರರ ಮನೆತನ. ನಮ್ಮವರ ಲೆಕ್ಕದಲ್ಲಿ ಕೈ ಸುಮ್ಮನಿದೆ ಎಂದರೆ ಒಂದೋ ಮಗ್ಗ ಕೆಟ್ಟಿದೆ, ಇಲ್ಲವೇ ಮನುಷ್ಯ ಕೆಟ್ಟಿದ್ದಾನೆ. ಜ್ವರ ಬಂದು ಮಲಗಿದ್ದ ನನ್ನ ಅಜ್ಜಿ ಕೂಡ ಹಾಸಿಗೆಯ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಡಾಕ್ಟರು ಬೈದರೆ, "ಕೈಗೆ ಜ್ವರ ಇಲ್ಲ ಸ್ವಾಮಿ" ಎನ್ನುತ್ತಿದ್ದಳು. ಇಂಥ ಜನರ ನಡುವೆ, ಸುಮ್ಮನಿರುವುದನ್ನೂ ಅಚ್ಚು ಹಾಕಿ ಕೊಡುವ ಸಂಗೀತವನ್ನು ತಂದು ಹಾಕಿದ ಮಹಾನುಭಾವ ನಾನು.

ಮಗ್ಗ ಬಿಟ್ಟು ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ ನನಗೆ ಕ್ಲಾರಿನೆಟ್ಟಿನ ಹುಚ್ಚು ಎಲ್ಲಿಂದ ಅಂಟಿತು ಎಂದು ಹೆಂಡತಿ ಸರೋಜ ಇವತ್ತಿಗೂ ವಿಚಾರಣೆ ನಡೆಸುತ್ತಾಳೆ. ಮದುವೆಗೆ ಮುಂಚೆ ಅವಳ ಮನೆಯವರು ನಮ್ಮ ಬೀದಿಗೇ ಬಂದು, ಹುಡುಗ ಬೀಡಿ ಸೇದುತ್ತಾನಾ, ಇಸ್ಪೀಟು ಆಡುತ್ತಾನಾ ಎಂದು ಕೇಳಿಕೊಂಡು ಹೋಗಿದ್ದರಂತೆ. ಊದುತ್ತಾನಾ ಎಂದು ಮಾತ್ರ ಯಾರಿಗೂ ಕೇಳಲು ತೋಚಲಿಲ್ಲ. ನನಗೆ ಕಲಿಸಿದವರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿ ನಮ್ಮ ಬೀದಿಯ ಕೊನೆಯಲ್ಲಿ ಮನೆ ಮಾಡಿದ್ದ ಅರುಳಪ್ಪ ಮಾಸ್ಟರು. ಅವರ ಬಳಿ ಒಂದು ತಗಡಿನ ಪೆಟ್ಟಿಗೆ ತುಂಬ ವಿಲಾಯತಿ ಸಂಗೀತದ ಹಾಳೆಗಳಿದ್ದವು. ಊದುವ ವಾದ್ಯ, ತಂತಿ ವಾದ್ಯ ಎಲ್ಲ ಸೇರಿ ನಾಲ್ಕೈದು ಮಂದಿ ಒಂದು ಕೋಣೆಯಲ್ಲಿ ಕೂತು ನುಡಿಸುವಂಥವು. ಅದರಲ್ಲಿ ಒಂದನ್ನು ನಾವೂ ನುಡಿಸೋಣ ಎಂದು ಮಾಸ್ಟರಿಗೆ ಆಸೆ ಹತ್ತಿತು. ಅವರ ಆಸೆ ನನಗೂ ಹತ್ತಿತು. ನನಗೆ ಬೇರೆಯವರ ಕಾಯಿಲೆ ಬಲು ಬೇಗ ಹತ್ತುತ್ತದೆ.

ಕ್ಲಾರಿನೆಟ್ಟಿಗೆ ನಾನು. ಪಿಟೀಲಿಗೆ ನಮ್ಮ ಅಂಗಡಿಯಲ್ಲೇ ಇದ್ದ ಅರ್ಜುನ, ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವ ಪೈಕಿ. ಅಡಿಯ ಸ್ವರಗಳಿಗೆ ಇರಬೇಕಾಗಿದ್ದ ದೊಡ್ಡ ತಂತಿ ವಾದ್ಯವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಕಣ್ಣಲ್ಲೂ ಕಂಡಿರದ ಕಾರಣ, ಅದನ್ನು ಹಾರ್ಮೋನಿಯಂನಲ್ಲಿ ತೂಗಿಸುತ್ತೇನೆಂದು ಮಾಸ್ಟರೇ ಕೂತರು. ಉಳಿದದ್ದು ಕೊಳಲು. "ನಮ್ಮಣ್ಣ ಇಲ್ವಾ? ಭಜನೇಲಿ ಊದೋದು ಊರಿಗೆಲ್ಲ ಗೊತ್ತು. ಅವನನ್ನ ಬುಟ್ಟು ನೀವು ಯಾರನ್ನೋ ಸೇರಿಸ್ಕಂಡ್ರೆ ನಾನು ತವರಿಗೆ ಯಾವ ಮೊಕ ಇಟ್ಕೊಂಡು ಓಗ್ಲಿ?" ಎಂದಳು ಸರೋಜ. ಅವಳ ಅಣ್ಣ ಗೋವಿಂದ ಭಾವ ಎಡಪ್ಪಾಡಿಯಲ್ಲಿ ಸೀರೆ ನೇಯುವವನು. ಮನುಷ್ಯ ಬಂಗಾರ, ಮೂಗಿನ ತುದಿಯಲ್ಲಿ ಸಿಟ್ಟು. ತಂಗಿಯ ಗಂಡನಾದ ನನ್ನನ್ನು ತಮಿಳರ ಹಾಗೆ ಮಾಪ್ಳೆ ಎಂದೇ ಕರೆಯುವವನು. ಭಾನುವಾರದ ಬಸ್ಸಿನಲ್ಲಿ ಕೊಳಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಂತೋಷವಾಗಿಯೇ ಬಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಜನೆಯಲ್ಲಿ ಹತ್ತು ಜನ ಕೂತರೆ ಹತ್ತು ಜನವೂ ಒಂದೇ ಹಾಡನ್ನು ಹಾಡುತ್ತೇವೆ. ಜೋರಾಗಿ ಹಾಡಿದವನಿಗೆ ಭಕ್ತಿ ಜಾಸ್ತಿ ಎಂದು ಹೆಸರು. ಮಾಸ್ಟರ ಪೆಟ್ಟಿಗೆಯ ಸಂಗೀತ ಹಾಗಲ್ಲ. ಅದರಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ಹಾಳೆ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸಿ, ಮಾಸ್ಟರ ಕೈಯಲ್ಲಿ ಪ್ರತಿ ಸ್ವರದ ಕೆಳಗೆ ಸರಿಗಮ ಬರೆಸಿ, ಫ್ಯಾನಿನ ಗಾಳಿಗೆ ಹಾರದಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ, ಎಲ್ಲರ ಮುಂದೆ ಮದುಮಗನ ಉಪಚಾರದಲ್ಲಿ ಇಟ್ಟೆ. ಭಾವ ತನ್ನ ಹಾಳೆಯನ್ನು ಕಣ್ಣ ಹತ್ತಿರ ಹಿಡಿದ, ದೂರ ಹಿಡಿದ, ಬೆಳಕಿಗೆ ಹಿಡಿದ.

"ಇದೇನ್ ಮಾಪ್ಳೆ, ನಂದನ್ನ ಯಾರೋ ಕರ್ರಗೆ ಒಡ್ದಾಕವ್ರೆ?"

ನೋಡಿದರೆ ಅಲ್ಲಿ ಸ್ವರಗಳ ಬದಲು ಗೆರೆಗಳ ನಡುವೆ ಒಂದು ದಪ್ಪನೆಯ ಕಪ್ಪು ಪಟ್ಟಿ, ಅದರ ತಲೆಯ ಮೇಲೆ ಹದಿನಾರು ಎಂಬ ಅಂಕಿ. ತಾಳ ಅಷ್ಟು ಸುತ್ತು ಬರುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಅಂಥ ಪಟ್ಟಿಗಳು ಭಾವನ ಹಾಳೆಯಲ್ಲಿ ಧಾರಾಳವಾಗಿದ್ದವು. ಬರೆದವನು ಯಾವ ದೇಶದವನೋ, ಅವನಿಗೆ ಹೆಂಡತಿಯ ಅಣ್ಣ ಇರಲಿಲ್ಲವೆಂದು ಕಾಣುತ್ತದೆ.

"ಒಡ್ದಾಕಿರೋದಲ್ಲ ಬಾವ. ಅಲ್ಲಿ ನೀವು ಸುಮ್ನೆ ಇರ್ಬೇಕು."

"ಸುಮ್ನೆ ಅಂದ್ರೆ?"

"ಊದ್ದೆ."

"ನೀನು?"

"ನಾನು ಊದ್ತಾ ಇರ್ತೀನಿ."

ಭಾವ ನನ್ನ ಹಾಳೆಯನ್ನು ಎಳೆದುಕೊಂಡು ತನ್ನದರ ಪಕ್ಕದಲ್ಲಿಟ್ಟ. ನನ್ನದರಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಸ್ವರಗಳು. ಕಾಫಿ ತಂದ ಸರೋಜಳೂ ನೇಕಾರರ ಮಗಳಲ್ಲವೇ, ಎರಡನ್ನೂ ಸೀರೆಯ ನಕ್ಷೆ ನೋಡುವ ಹಾಗೆ ನೋಡಿ, "ಇವರ್ದು ಒಡಲೆಲ್ಲ ಬುಟ್ಟಾ. ನಮ್ಮಣ್ಣಂಗೆ ಬರೀ ಬಯಲು" ಎಂದು ತೀರ್ಪು ಕೊಟ್ಟು ಹೋದಳು. ಹಾಳೆ ಹಂಚಿದ್ದು ನಾನಲ್ಲ, ಬರೆದದ್ದು ನಾನಲ್ಲ, ಅದು ಅಚ್ಚಾದಾಗ ನಾನು ಹುಟ್ಟಿಯೂ ಇರಲಿಲ್ಲ ಎಂದು ಬಾಯಿ ಬಾಯಿ ಬಡಿದುಕೊಂಡೆ. ಮಾಸ್ಟರು ತಮ್ಮ ತಮಿಳಿನಲ್ಲಿ ಸಮಾಧಾನ ಹೇಳಿದರು. "ತಂಬಿ, ಸುಮ್ಮಾ ಇರುಕ್ಕಿರದುಂ ವಾಸಿಪ್ಪುದಾನ್." ಅಂದರೆ, ಸುಮ್ಮನಿರುವುದೂ ನುಡಿಸುವುದೇ.

"ಅಂಗಾರೆ ಆ ವಾಸಿಪ್ಪನ್ನ ಮಾಪ್ಳೆಗೇ ಕೊಡಿ" ಎಂದ ಭಾವ.

ಆದರೂ ಒಳ್ಳೆಯವನು, ಎರಡು ಮೂರು ಭಾನುವಾರ ಪ್ರಯತ್ನಪಟ್ಟ. ಆ ಪ್ರಯತ್ನವನ್ನು ನೋಡುವುದಕ್ಕಿಂತ ಜಗಳವಾಡಿದ್ದರೇ ವಾಸಿಯಿತ್ತು. ಪಟ್ಟಿ ಬಂದಾಗ ಬೆರಳು ಮಡಿಸುತ್ತಾ ಗಟ್ಟಿಯಾಗಿ ಎಣಿಸುವನು. ಗಟ್ಟಿಯಾಗಿ ಬೇಡ ಎಂದರೆ ಗಟ್ಟಿಯಾಗಿ ನಿಟ್ಟುಸಿರು ಬಿಡುವನು. ನಿಟ್ಟುಸಿರೂ ಬೇಡ ಎಂದಾಗ ಸೂರು ನೋಡುತ್ತಾ ಕುಳಿತು, ಎಣಿಕೆ ಮರೆತು, ನಾನು ಊದುತ್ತಿದ್ದುದನ್ನೇ ಹಿಡಿದು ಭಜನೆಯ ಅಭ್ಯಾಸದಂತೆ ತಾನೂ ಶುರು ಮಾಡಿಬಿಡುವನು. ಮಾಸ್ಟರು ಹಾರ್ಮೋನಿಯಂ ಮುಚ್ಚುವರು. ಅರ್ಜುನ ಪಿಟೀಲಿನ ಕಮಾನಿಗೆ ರಾಳ ಉಜ್ಜುವನು. ನಾನು ಹಲ್ಲು ಕಡಿಯುವೆ. ಒಂದು ದಿನ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಪಕ್ಕದ ಮನೆಯ ಮುದುಕಿ, ಎಲ್ಲರೂ ನುಡಿಸುವಾಗ ಇವನೊಬ್ಬ ಕೊಳಲನ್ನು ತೊಡೆಯ ಮೇಲಿಟ್ಟು ಕೂತದ್ದನ್ನು ಕಂಡು, "ಯಾಕಪ್ಪ ಗೋವಿಂದ, ಮೈಗೆ ಉಸಾರಿಲ್ವಾ?" ಎಂದು ಕೇಳಿದಳು.

ಅಲ್ಲಿಗೆ ಆಯಿತು. ಭಾವ ಕೊಳಲಿಗೆ ಟವೆಲ್ ಸುತ್ತಿ ಎದ್ದ. "ಎಣಿಸ್ಕಂಡು ಕುಂತಿರಕ್ಕೆ ನಾನು ಎಡಪ್ಪಾಡಿಯಿಂದ ಬಸ್ ಅತ್ತಿ ಬರ್ಬೇಕಾ? ಸುಮ್ನೆ ಇರೋದಾದ್ರೆ ನಮ್ಮನೇಲೇ ಇರ್ತೀನಿ" ಎಂದು ಹೊರಟೇ ಹೋದ. ತಂಗಿಯ ಮನೆಯಲ್ಲಿ ಊಟಕ್ಕೂ ನಿಲ್ಲಲಿಲ್ಲ. ಮಾಡಿಟ್ಟ ಅಷ್ಟೂ ಕೋಳಿ ಸಾರನ್ನು ಸರೋಜ ನನಗೇ ಬಡಿಸಿದಳು.

ಇಷ್ಟೇ ಆಗಿದ್ದರೆ ಕೊಳಲಿಗೆ ಬೇರೆ ಯಾರನ್ನೋ ಹುಡುಕಬಹುದಿತ್ತು. ಆದರೆ ಮುಂದಿನ ತಿಂಗಳು ನಮ್ಮ ಮಗಳು ಕವಿತಳಿಗೆ ಕಿವಿ ಚುಚ್ಚಿಸುವುದೆಂದು ನಿಶ್ಚಯವಾಗಿತ್ತು. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಅಪ್ಪನ ತೊಡೆ ಲೆಕ್ಕಕ್ಕಿಲ್ಲ, ತಾತನ ತೊಡೆ ನಡೆಯುವುದಿಲ್ಲ. ಸರೋಜಳಿಗೆ ಇರುವವನು ಅವನೊಬ್ಬನೇ ಅಣ್ಣ. ಅವನು ಬಾರದಿದ್ದರೆ ಶಾಸ್ತ್ರವಿಲ್ಲ, ಶಾಸ್ತ್ರವಿಲ್ಲದಿದ್ದರೆ ಅವಳು ಜನ್ಮದಲ್ಲಿ ನನ್ನನ್ನು ಕ್ಷಮಿಸುವವಳಲ್ಲ. ಅವನು ಬರುವುದಿಲ್ಲವೆಂದು ಹೇಳಿ ಕಳಿಸಿದ ದಿನ ಅವಳು ನನ್ನ ಹಾಳೆಗಳನ್ನು ತಂದು ಮುಂದೆ ಎಸೆದು, "ಮಗೀನ ಯಾರ ತೊಡೆ ಮೇಲೆ ಕುಂಡ್ರಿಸ್ತೀರಿ? ಇವುಗಳ ಮೇಲಾ?" ಎಂದು ಕಣ್ಣೀರು ಹಾಕಿದಳು. ಆಗ ಮಾತ್ರ ನನಗೆ ನಿಜವಾಗಿ ಭಯವಾಯಿತು. ತವರಿನ ಬಾಗಿಲು ಒಂದು ಕಪ್ಪು ಪಟ್ಟಿಯ ದೆಸೆಯಿಂದ ಮುಚ್ಚಿತಲ್ಲ ಎಂದು ಸಂಕಟವೂ ಆಯಿತು.

ಎಡಪ್ಪಾಡಿಗೆ ಹೋದೆ. ಭಾವ ಮಗ್ಗದಲ್ಲಿದ್ದ. ನಾನು ಬಾವ ಎಂದರೆ ಲಾಳಿ ಓಡುತ್ತಿತ್ತು, ತಪ್ಪಾಯಿತು ಎಂದರೆ ಇನ್ನೂ ಜೋರಾಗಿ ಓಡುತ್ತಿತ್ತು. ಕೊನೆಗೆ ನಿಲ್ಲಿಸಿ, "ಸುಮ್ನೆ ಇರು ಅಂತ ನೀನು ತಾನೆ ಏಳಿದ್ದು? ಇದೀನಿ" ಎಂದ. ಅವನ ಹೆಂಡತಿ ಎರಡು ಸಲ ಕಾಫಿ ಕೊಟ್ಟ ಮೇಲೆ ಷರತ್ತು ಹೊರಬಿತ್ತು. ಕಿವಿ ಚುಚ್ಚುವ ದಿನ ಎಲ್ಲರೆದುರು ಅದೇ ಸಂಗೀತ ನುಡಿಸಬೇಕು, ಆದರೆ ನನ್ನ ಪಾಲು ಅವನಿಗೆ, ಅವನ ಪಾಲು ನನಗೆ. ಒಪ್ಪಿದೆ. ಅವನು ಮಗ್ಗವನ್ನೇ ಕೇಳಿದ್ದರೂ ನನ್ನ ತಲೆಯ ಮೇಲೆ ಹೊತ್ತು ಕೊಡುತ್ತಿದ್ದೆ.

ಹಾಳೆ ಬದಲಾಯಿಸಿಕೊಂಡರೆ ತೀರಿತು ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ! ಕ್ಲಾರಿನೆಟ್ಟಿನ ಹಾಳೆಯನ್ನು ಕೇಳಿಸಬೇಕಾದ ಸ್ವರಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೆ ಬರೆದಿರುತ್ತಾರೆ. ಅದನ್ನು ಹಾಗೇ ಕೊಳಲಿನಲ್ಲಿ ಊದಿ, ಕೊಳಲಿನದನ್ನು ಕ್ಲಾರಿನೆಟ್ಟಿನಲ್ಲಿ ಊದಿದಾಗ ಹೊರಟ ನಾದಕ್ಕೆ ಅರ್ಜುನ ಕೂಡ "ಅಯ್ಯೋ" ಎಂದ. ನಾವು ಅವನ ಬಾಯಿಂದ ಕೇಳಿದ ಮೊದಲ ಅಭಿಪ್ರಾಯ ಅದು. ಮಾಸ್ಟರು ನನ್ನ ವಂಶವನ್ನೆಲ್ಲ ತಮಿಳಿನಲ್ಲಿ ಸ್ಮರಿಸುತ್ತಾ ಕನ್ನಡಕ ಹಾಕಿಕೊಂಡು ಇಬ್ಬರ ಪಾಲನ್ನೂ ಹೊಸದಾಗಿ ಬರೆದರು. ನನ್ನ ಹಾಳೆಯ ಕಪ್ಪು ಪಟ್ಟಿಗಳನ್ನು ಬೇಕೆಂದೇ ಬಲು ದಪ್ಪಗೆ ಎಳೆದಿದ್ದರು.

ನಮ್ಮೂರಿನ ಗುಗೈ ಪೇಟೆಯ ಒಂದು ಸಣ್ಣ ಮಂಟಪದಲ್ಲಿ ಶಾಸ್ತ್ರ. ಭಾವ ಹೊಸ ಪಂಚೆ ಉಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಊದಲು ಶುರು ಮಾಡಿದ. ನಿಜ ಹೇಳಬೇಕಲ್ಲ, ಬಹಳ ಚೆನ್ನಾಗಿ ಊದಿದ, ನನಗೆ ಹೊಟ್ಟೆ ಉರಿಯುವಷ್ಟು. ನಾನು ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆದರೆ ಕಾರ್ಯದ ಮನೆಯ ಯಜಮಾನ ಕೈ ಕಟ್ಟಿ ಕೂತದ್ದು ಕಂಡರೆ ನಮ್ಮ ಜನ ಬಿಡುತ್ತಾರೆಯೇ? "ಮೂರು, ನಾಲ್ಕು" ಎನ್ನುವಷ್ಟರಲ್ಲಿ ಚಿಕ್ಕಪ್ಪ ಬಂದು ಕುಡಿಯುವ ನೀರು ಎಲ್ಲಿ ಎಂದರು. ಮತ್ತೆ ಮೊದಲಿಂದ ಹಿಡಿದೆ. ಅಡಿಗೆಯವನು ಬಂದು, "ಸುಮ್ನೆ ತಾನೆ ಕುಂತಿದ್ದೀರಾ, ಬಾಳೆ ಎಲೆ ಎಲ್ಲೈತೆ ವಸಿ ತೋರ್ಸಿ" ಎಂದ. ನುಡಿಸ್ತಾ ಇದ್ದೀನಿ ಎಂದೆ. ಅವನು ನನ್ನ ಕ್ಲಾರಿನೆಟ್ಟನ್ನೂ ನನ್ನ ಮುಖವನ್ನೂ ನೋಡಿ, ಪಾಪ ಎನ್ನುವ ಹಾಗೆ ತಲೆಯಾಡಿಸಿ ಹೋದ.

ಅಷ್ಟರಲ್ಲಿ ಪುರೋಹಿತರು ಮುಹೂರ್ತ ಬಂತು, ಸೋದರಮಾವ ಬರಲಿ ಎಂದರು. ಚಿನ್ನದ ತಂತಿ ಹಿಡಿದು ಆಚಾರಿ ಸಿದ್ಧನಾಗಿದ್ದ. ಭಾವ ಏಳಲಿಲ್ಲ. ಹೇಗೆ ಎದ್ದಾನು? ಅವನ ಹೊಸ ಹಾಳೆಯಲ್ಲಿ ಉಸಿರು ಬಿಡಲೂ ಬಿಡುವಿರಲಿಲ್ಲ. ಹುಬ್ಬು ಕುಣಿಸಿ, ಆಮೇಲೆ ಆಮೇಲೆ ಎಂದು ಸನ್ನೆ ಮಾಡಿದ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗಿಕೊಂಡರು. ಆ ಕಪ್ಪು ಪಟ್ಟಿಗಳಲ್ಲಿ ಒಂದೇ ಒಂದು ಅವನ ಹತ್ತಿರವೇ ಉಳಿದಿದ್ದರೆ, ಆರಾಮವಾಗಿ ಎರಡು ಕಿವಿಯನ್ನೂ ಚುಚ್ಚಿಸಿ ಮುಗಿಸಬಹುದಿತ್ತಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಸರೋಜ ಯಾರನ್ನೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಬಂದು, ಊದುತ್ತಿದ್ದ ಅಣ್ಣನ ತೊಡೆಯ ಮೇಲೆ ಕೂರಿಸಿ, ತಾನೇ ತಲೆ ಹಿಡಿದು, "ಚುಚ್ಚು ಆಚಾರಿ" ಎಂದಳು.

ಮಗು ತನ್ನ ತಲೆಯ ಮೇಲ್ಗಡೆ ಕೊಳಲಿನಲ್ಲಿ ಆಡುತ್ತಿದ್ದ ಮಾವನ ಬೆರಳುಗಳನ್ನು ಬಾಯಿ ತೆರೆದು ನೋಡುತ್ತಿತ್ತು. ಆಚಾರಿ ಬಲಗಿವಿ ಚುಚ್ಚಿದ. ತುಟಿ ಒಂದಿಷ್ಟು ನಡುಗಿತು, ಅಳಲಿಲ್ಲ. ಎಡಗಿವಿ ಚುಚ್ಚಿದ. ಕಣ್ಣಂಚಿಗೆ ನೀರು ಬಂತು, ಆಗಲೂ ಅಳಲಿಲ್ಲ. ಇಡೀ ಮಂಟಪ ಉಸಿರು ಹಿಡಿದು ಕೂತಿತ್ತು. ಸರೋಜಳ ಮುಖ ಅರಳಿತು. ಭಾವನ ಕಣ್ಣೂ ಒದ್ದೆಯಾಗಿತ್ತು. ಇಷ್ಟು ದಿನದ ಮುನಿಸೆಲ್ಲ ಕರಗಿದ ಆ ಹೊತ್ತಿನಲ್ಲಿ ನನಗೆ ಥಟ್ಟನೆ ನೆನಪಾಯಿತು, ನಾನೂ ವಾದ್ಯಗಾರ, ನನ್ನ ಸರದಿ ಬಂದಿರಲೇಬೇಕು. ಅಡಿಗೆಯವನ ದೆಸೆಯಿಂದ ಎಣಿಕೆ ಎಂದೋ ಹೋಗಿತ್ತು. ಅಂದಾಜಿನ ಮೇಲೆ, ಹೃದಯ ತುಂಬಿ ಬಂದ ರಭಸದಲ್ಲಿ, ಕ್ಲಾರಿನೆಟ್ಟನ್ನು ಬಾಯಿಗಿಟ್ಟು ಒಂದೇ ಸಲ ಊದಿದೆ.

ಮಗು ಕಿಟಾರನೆ ಕಿರುಚಿಕೊಂಡಿತು. ಮುಖ ಕೆಂಪಾಗಿ, ಉಸಿರು ಸಿಕ್ಕಿಕೊಂಡು, ಇನ್ನು ನಿಲ್ಲುವುದೇ ಇಲ್ಲವೇನೋ ಎನ್ನುವಂತೆ ಅತ್ತಿತು. ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿದವು. ಆಚಾರಿ, "ನಾನಲ್ಲಪ್ಪ, ನನ್ ಕೆಲ್ಸ ಆಗ್ಲೇ ಮುಗೀತು" ಎಂದು ಎರಡು ಕೈ ಎತ್ತಿದ. ಭಾವ ಮೊದಲ ಬಾರಿಗೆ ಕೊಳಲು ಕೆಳಗಿಟ್ಟ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತಾ, ಬಗ್ಗಿ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ.

"ಯಾಕ್ ಮಾಪ್ಳೆ," ಎಂದ, ಎಲ್ಲರಿಗೂ ಕೇಳಿಸುವ ಹಾಗೆ, "ಸುಮ್ನೆ ಇರು ಅಂತ ಇಲ್ಲಿ ಇಷ್ಟು ದಪ್ಪಗೆ ಬರ್ದವ್ರೆ. ನಿಂಗೆ ಓದಕ್ಕೆ ಬರಲ್ವಾ?"