ಉಪ್ಪುನೀರಿನ ಆಲೂಗಡ್ಡೆ

ಇದ್ದದ್ದನ್ನು ಹೇಳಿಬಿಡುತ್ತೇನೆ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷಗಳಿಂದ ಸಾಂದ್ರತೆಯ ಪಾಠ ಮಾಡುತ್ತಿದ್ದರೂ ನಾನು ಒಂದು ದಿನವೂ ಏನನ್ನೂ ತೇಲಿಸಿ ತೋರಿಸಿದವನಲ್ಲ. ಬೋರ್ಡಿನ ಮೇಲೆ ಹಡಗು ಬರೆಯುತ್ತಿದ್ದೆ. ಸೀಮೆಸುಣ್ಣದ ಹಡಗು ಮುಳುಗಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ನನ್ನ ಮರ್ಯಾದೆಯೂ ಉಳಿದಿತ್ತು.

ನಾಳೆ ತಪಾಸಣೆಯ ಸಾಹೇಬರು ಪಾಠ ನೋಡಲು ಬರುತ್ತಾರೆ, ಪ್ರಯೋಗ ಮಾಡಲೇಬೇಕು ಎಂದು ಹೆಡ್‌ಮಾಸ್ತರರು ಹೇಳಿದಾಗ ಮನೆಗೆ ಬಂದು ಪುಸ್ತಕ ತೆರೆದೆ. ಉಪ್ಪುನೀರಿನಲ್ಲಿ ತತ್ತಿ ತೇಲಿಸಿ ಎನ್ನುತ್ತದೆ ಪುಸ್ತಕ. ನಮ್ಮದು ಲಿಂಗಾಯತರ ಮನೆ. ತತ್ತಿ ಹೊಸ್ತಿಲು ದಾಟುವಂತಿಲ್ಲ. ಹೆಂಡತಿ ಗಿರಿಜಾ ಒಂದು ಆಲೂಗಡ್ಡೆ ಕೊಟ್ಟಳು. ಪಾತ್ರೆಯ ನೀರಿಗೆ ಒಂದು ಚಮಚ ಉಪ್ಪು ಹಾಕಿದೆ, ಎರಡು ಹಾಕಿದೆ. ಗಡ್ಡೆ ತಳ ಬಿಟ್ಟು ಕದಲಲಿಲ್ಲ.

“ಏನ್ರಿ, ಸಾರಿಗೆ ಉಪ್ಪು ಹಾಕಾಕತ್ತೀರೇನು? ಮುಷ್ಟಿಲೆ ಹಾಕ್ರಿ!” ಎಂದು ಗಿರಿಜಾ ತಾನೇ ಹಾಕಿ ಕಲಕತೊಡಗಿದಳು. ನಾಲ್ಕನೆಯ ಮುಷ್ಟಿಗೆ ಗಡ್ಡೆ ಹೊರಳಿತು, ಐದನೆಯದಕ್ಕೆ ಮೆಲ್ಲಗೆ ಮೇಲೆದ್ದಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

“ಇದನ್ನ ಎಲ್ಲಿ ಕಲತಿ?”

“ಬೇವೂರಾಗ ನಮ್ಮವ್ವ ಬಿತ್ತೂ ಜೋಳ ಹಿಂಗ ಆರಸ್ತಾಳ. ಮೊದಲ ಆಲೂಗಡ್ಡಿ ತೇಲಬೇಕು, ಆಮ್ಯಾಲ ಕಾಳು ಹಾಕೂದು. ಗಟ್ಟಿ ಕಾಳು ಮುಳಗ್ತಾವ, ಜೊಳ್ಳು ತೇಲ್ತಾವ. ನಾಳೆ ಸಾಹೇಬ್ರ ಮುಂದ ನಮ್ಮವ್ವನ ಹೆಸರ ಹೇಳ್ರಿ ಮತ್ತ!”

“ಖರೇನ ಹೇಳ್ತೇನಿ,” ಎಂದೆ. ಮನಸ್ಸಿನಿಂದಲೇ ಎಂದೆ. ಉಪ್ಪು ಕರಗಿದಷ್ಟೂ ನೀರಿನ ಸಾಂದ್ರತೆ ಹೆಚ್ಚುತ್ತದೆ, ಅದು ಗಡ್ಡೆಯ ಸಾಂದ್ರತೆಯನ್ನು ಮೀರಿದೊಡನೆ ಗಡ್ಡೆ ತೇಲುತ್ತದೆ ಎಂದು ನಾನು ವರ್ಷ ವರ್ಷ ಒದರುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಅದೇ ನೀರಿನಲ್ಲಿ ಕಾಳಿನ ಯೋಗ್ಯತೆ ಅಳೆದು, ಬಿತ್ತಿ, ಬೆಳೆದು ನಮಗೆ ರೊಟ್ಟಿಯನ್ನೂ ಹಾಕಿದ್ದರು. ಎಂಥ ಹೆಣ್ಣುಮಗಳು!

ಮರುದಿನ ತರಗತಿಯಲ್ಲಿ ಆಲೂಗಡ್ಡೆ ತೇಲಿತು. ಮಕ್ಕಳು ಬೆಂಚು ಹತ್ತಿ ನೋಡಿದರು. ಸಾಹೇಬರು ಬೆನ್ನು ತಟ್ಟಿ, “ಭಾಳ ಛಲೋ ಮಾಸ್ತರ! ಯಾರದ್ರಿ ಈ ಐಡಿಯಾ?” ಎಂದರು.

“ನಂದ ರೀ ಸರ,” ಎಂದಿತು ನನ್ನ ಹಾಳು ಬಾಯಿ.

ಸಂಜೆ ಮನೆಗೆ ಬಂದಾಗ ಗಿರಿಜಾ ನಮ್ಮ ತುಂಡು ಹೊಲಕ್ಕೆ ಬಿತ್ತುವ ಜೋಳವನ್ನು ಬಕೀಟಿನ ಉಪ್ಪುನೀರಿಗೆ ಸುರಿದು ಕುಳಿತಿದ್ದಳು. “ಹೇಳಿದ್ರಿಲ್ಲೋ ನಮ್ಮವ್ವನ ಹೆಸರ?”

ನಾನು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದೆ. ಅವಳು ನನ್ನ ಮುಖ ನೋಡಿದಳು. ಮೇಲೆ ತೇಲುತ್ತಿದ್ದ ಜೊಳ್ಳನ್ನು ಜರಡಿಯಿಂದ ಬಳಿದು ಅಂಗಳಕ್ಕೆ ಎಸೆದಳು.

ನಾನು ಬಕೀಟಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.